ಬೆಂಜೋಪೈರೀನ್

ಇಂಗಾಲವುಳ್ಳ ವಸ್ತು ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಏಳುವ ಹೊಗೆಯಲ್ಲೂ, ಕಲ್ಲಿದ್ದಲಿನ ಟಾರು ಮತ್ತು ಪಿಚ್‌ನಲ್ಲೂ ಇರುವ ವಿಷಕಾರಿ ಸಂಯುಕ್ತ. ಇದರ ಅಣುವಿನಲ್ಲಿ 20 ಇಂಗಾಲ ಪರಮಾಣುಗಳು ಜೇನುಹಟ್ಟಿನ ಕಣ್ಣುಗಳ ಹಾಗೆ ಒಂದಕ್ಕೊಂದು ಅಂಟಿದ ಐದು ಉಂಗುರಗಳಾಗಿವೆ, 12 ಜಲಜನಕ ಪರಮಾಣುಗಳು ಅವುಗಳ ಅಂಚಿನಲ್ಲಿವೆ. ಶುದ್ಧರೂಪದಲ್ಲಿ ತಿಳಿಹಳದಿ ಬಣ್ಣದ ಹರಳು. ಸುಮಾರು 179 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನೀರಿಗೆ ಒಗ್ಗದು, ಎಣ್ಣೆ ಮತ್ತು ಕೊಬ್ಬಿನಲ್ಲಿ ಸಲೀಸಾಗಿ ಬೆರೆಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನೂ ಕಲ್ಲಿದ್ದಲ ಟಾರಿನ ಪಿಚ್ಚನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿ ಇರಿಸಿದೆ. ಕ್ಯಾನ್ಸರ್ ಎಂಬ ಹೆಸರಿನ ಭಾರದಲ್ಲಿ, ಎಳೆಯ ಮಕ್ಕಳ ಕೆಮ್ಮು ಕಫಗಳ ಜೊತೆ ಇದಕ್ಕಿರುವ ನಂಟು ತಡವಾಗಿ ಗಮನಕ್ಕೆ ಬಂತು.

ಇದರ ಕಥೆ ಮಕ್ಕಳಿಂದಲೇ ಶುರುವಾಗುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಚಿಮಣಿ ಗುಡಿಸುವವರ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಬರೆದ. ಇಕ್ಕಟ್ಟಾದ ಚಿಮಣಿಯೊಳಗೆ ಹತ್ತಲು ಸಣ್ಣ ಮೈಯ ಹುಡುಗರೇ ಬೇಕಾಗಿದ್ದರು. ಚಿಕ್ಕಂದಿನಲ್ಲಿ ಮೈಗೆ ಅಂಟಿದ ಮಸಿ ದೊಡ್ಡವರಾದ ಮೇಲೆ ರೋಗವಾಗಿ ಕಾಣಿಸಿಕೊಳ್ಳುತ್ತಿತ್ತು. 1915ರಲ್ಲಿ ಟೋಕಿಯೊದಲ್ಲಿ ಯಾಮಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರು ಸವರಿ ಕ್ಯಾನ್ಸರ್ ಹುಟ್ಟಿಸಿ ತೋರಿಸಿದರು. ಆದರೆ ಟಾರು ನೂರಾರು ವಸ್ತುಗಳ ಕಲಸುಮೇಲೋಗರ. ಅದರಲ್ಲಿ ವಿಷ ಯಾವುದು? ಲಂಡನ್ನಿನಲ್ಲಿ ಕೆನವೇ ಅವರ ತಂಡದ ಹೈಗರ್, ಕ್ಯಾನ್ಸರ್ ತರುವ ಟಾರುಗಳೆಲ್ಲ ಅತಿನೇರಳೆ ಬೆಳಕಿನಲ್ಲಿ ಒಂದೇ ಬಗೆಯ ನೇರಳೆ ಹೊಳಪು ಕೊಡುತ್ತವೆ ಎಂದು ಕಂಡುಕೊಂಡಿದ್ದ. ಆ ಹೊಳಪನ್ನೇ ದಾರಿದೀಪ ಮಾಡಿಕೊಂಡು ಎರಡು ಟನ್ ಪಿಚ್ಚನ್ನು ಬಟ್ಟಿಯಿಳಿಸುತ್ತ, ಹೊಳಪಿದ್ದ ಭಾಗವನ್ನು ಉಳಿಸಿಕೊಂಡು ಇಲ್ಲದ್ದನ್ನು ಬಿಡುತ್ತ ಹೋದರು. ಕೊನೆಗೆ ಕೈಗೆ ಬಂದ ಹಳದಿ ಹರಳೇ ಬೆಂಜೋಪೈರೀನ್. ಈ ಕೆಲಸವನ್ನು ಕುಕ್, ಹ್ಯೂವೆಟ್ ಮತ್ತು ಹೈಗರ್ 1933ರಲ್ಲಿ ಪ್ರಕಟಿಸಿದರು.

ದೇಹದೊಳಗೆ ಹೋದ ಬೆಂಜೋಪೈರೀನ್ ತಾನಾಗಿ ಅಷ್ಟು ಕೆಡುಕು ಮಾಡುವುದಿಲ್ಲ. ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ಜೀವಕೋಶದ ಕಿಣ್ವಗಳು ಆಮ್ಲಜನಕ ಸೇರಿಸುತ್ತವೆ. ಈ ಹಂತದಲ್ಲಿ ಹುಟ್ಟುವ ಡೈಯಾಲ್ ಎಪಾಕ್ಸೈಡ್ ಎಂಬ ಚುರುಕು ಅಣು ಡಿಎನ್‌ಎಯ ಗ್ವಾನೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ದೇಹದ ಶುದ್ಧೀಕರಣದ ಕೆಲಸವೇ ಇಲ್ಲಿ ವಿಷಕ್ಕೆ ಹಲ್ಲು ಕೊಡುತ್ತದೆ.

ಬೀಡಿ ಸಿಗರೇಟು, ಡೀಸೆಲ್ ಹೊಗೆ, ಕಸ ಸುಡುವುದು, ಕೆಂಡದ ಮೇಲೆ ಕರಕಲಾದ ಮಾಂಸ ಎಲ್ಲದರಲ್ಲೂ ಇದು ಇದೆ. ನಮ್ಮ ಹಳ್ಳಿಮನೆಗಳಲ್ಲಿ ಇದನ್ನು ಕಣ್ಣಾರೆ ಕಾಣಬೇಕಾದರೆ ಸೌದೆ ಒಲೆಯ ಮೇಲಿನ ಮಾಡು ನೋಡಿದರೆ ಸಾಕು: ಜಂತೆಗಳಿಂದ ಜೋತಾಡುವ ಇಲ್ಲಣ, ಬೆರಳಿಗೆ ಜಿಡ್ಡಾಗಿ ಹತ್ತುವ ಕಪ್ಪು. ಆ ಜಿಡ್ಡಿನಲ್ಲಿ ಬೆಂಜೋಪೈರೀನ್ ಬಳಗ ಸೇರಿಕೊಂಡಿರುತ್ತದೆ. ಮಾಡಿಗೆ ಹತ್ತಿದ್ದು ಒಲೆಯ ಮುಂದೆ ತಾಯಿಯ ಸೊಂಟದ ಮೇಲಿದ್ದ ಕೂಸಿನ ಎದೆಗೂ ಹೋಗಿರುತ್ತದೆ.

ಕೂಸಿಗೆ ಇದು ಹೆಚ್ಚು ತಟ್ಟುವುದಕ್ಕೆ ಕಾರಣಗಳಿವೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 30ರಿಂದ 60 ಸಲ ಉಸಿರಾಡುತ್ತದೆ. ಮೈತೂಕಕ್ಕೆ ಹೋಲಿಸಿದರೆ ಒಳಗೆ ಹೋಗುವ ಗಾಳಿ ಬಹಳ ಹೆಚ್ಚು. ಶ್ವಾಸನಾಳಗಳು ಎಷ್ಟು ಕಿರಿದೆಂದರೆ ಒಳಪದರ ಕೊಂಚ ಊದಿದರೂ ಗಾಳಿಯ ದಾರಿ ಅರ್ಧ ಮುಚ್ಚಿಹೋಗುತ್ತದೆ. ಹೊಗೆಯ ಕಣಗಳು ನಾಳದ ಸೂಕ್ಷ್ಮ ರೋಮಗಳನ್ನೂ ರೋಗಾಣು ನುಂಗುವ ಕೋಶಗಳನ್ನೂ ಮಂಕಾಗಿಸುತ್ತವೆ. ಬೆಂಜೋಪೈರೀನ್ ಬಳಗದ ಸಂಯುಕ್ತಗಳು ಇನ್ನೂ ಬಲಿಯುತ್ತಿರುವ ರೋಗನಿರೋಧಕ ವ್ಯವಸ್ಥೆಯನ್ನೂ ಕದಲಿಸುತ್ತವೆ. ಅವು ಮಾಸುಚೀಲವನ್ನು ದಾಟುವುದರಿಂದ ಗರ್ಭದಲ್ಲಿರುವಾಗಲೇ ಕೆಡುಕು ಶುರುವಾಗಬಹುದು. ಬೆಂಜೋಪೈರೀನ್ ಸೋಂಕು ತರುವುದಿಲ್ಲ, ವೈರಸ್ಸು ಬ್ಯಾಕ್ಟೀರಿಯಾಗಳಿಗೆ ನೆಲ ಹದ ಮಾಡಿಕೊಡುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ಕಲ್ಲಿದ್ದಲ ಹೊಗೆಯ ಮಧ್ಯ ಯುರೋಪಿನಲ್ಲಿ. ಜೆಕ್ ಗಣರಾಜ್ಯದ ಟೆಪ್ಲಿಟ್ಸೆ ಮತ್ತು ಪ್ರಾಖಾಟಿಟ್ಸೆ ಜಿಲ್ಲೆಗಳಲ್ಲಿ 1994ರಿಂದ 1998ರ ನಡುವೆ ಹುಟ್ಟಿದ 1133 ಮಕ್ಕಳ ವೈದ್ಯಕೀಯ ದಾಖಲೆಗಳನ್ನು ದಿನದಿನದ ಗಾಳಿಯ ಅಳತೆಯ ಪಕ್ಕದಲ್ಲಿಟ್ಟು ನೋಡಲಾಯಿತು. ಹಿಂದಿನ 30 ದಿನಗಳ ಗಾಳಿಯಲ್ಲಿ ಈ ಬಳಗದ ಸಂಯುಕ್ತಗಳು ಘನಮೀಟರಿಗೆ 100 ನ್ಯಾನೋಗ್ರಾಂ ಏರಿದಾಗ ಎರಡು ವರ್ಷದೊಳಗಿನ ಮಕ್ಕಳಲ್ಲಿ ಬ್ರಾಂಕೈಟಿಸ್ ಸುಮಾರು ಶೇ 30ರಷ್ಟು, ಅದಕ್ಕೂ ದೊಡ್ಡ ಮಕ್ಕಳಲ್ಲಿ ಶೇ 50ಕ್ಕಿಂತ ಹೆಚ್ಚು ಏರಿತ್ತು. ಪೋಲೆಂಡಿನ ಕ್ರಾಕೋವ್‌ನಲ್ಲಿ ಗರ್ಭಿಣಿಯರು ಗಾಳಿ ಅಳೆಯುವ ಪುಟ್ಟ ಉಪಕರಣವನ್ನು ಬೆನ್ನುಚೀಲದಲ್ಲಿ ಎರಡು ದಿನ ಹೊತ್ತು ಓಡಾಡಿದರು. ಹೆಚ್ಚು ಹೊಗೆ ಕುಡಿದ ತಾಯಂದಿರ ಮಕ್ಕಳಿಗೆ ಮೊದಲ ವರ್ಷದಲ್ಲಿ ಕೆಮ್ಮು, ಉಬ್ಬಸ, ಕಿವಿ ಸೋಂಕು ಹೆಚ್ಚಾಗಿ ಕಂಡವು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಐದು ವರ್ಷದೊಳಗಿನ 7,40,180 ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ಒಲೆ ಬದಲಿಸಿದರೆ ಈ ಸಾವು ತಪ್ಪುತ್ತದೆಯೇ? ಗ್ವಾಟೆಮಾಲಾದಲ್ಲಿ ಹೊಗೆಕೊಳವೆಯ ಒಲೆ ಕೊಟ್ಟು ನೋಡಿದಾಗ ತೀವ್ರ ನ್ಯುಮೋನಿಯಾ ಇಳಿಯಿತು. ಭಾರತವೂ ಸೇರಿ ನಾಲ್ಕು ದೇಶಗಳ ಸುಮಾರು 3200 ಗರ್ಭಿಣಿಯರ ಮನೆಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಡುಗೆ ಅನಿಲದ ಪ್ರಯೋಗದಲ್ಲಿ ಮಾತ್ರ ಶಿಶುಗಳ ತೀವ್ರ ನ್ಯುಮೋನಿಯಾದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಂದು ಮನೆಯ ಒಲೆ ಆರಿದರೂ ಕೇರಿಯ ಹೊಗೆ ಕಿಟಕಿಯಿಂದ ಒಳಗೆ ಬರುತ್ತದೆ. ಲಸಿಕೆ ಮತ್ತು ಪೌಷ್ಟಿಕತೆಯ ಪಾಲೂ ದೊಡ್ಡದು. ಹೊಗೆಯನ್ನು ಅದು ಹುಟ್ಟುವ ಎಲ್ಲ ಕಡೆಯೂ ತಗ್ಗಿಸಬೇಕೆಂಬ ವಾದಕ್ಕೆ ಇದರಿಂದ ಬಲ ಬರುತ್ತದೆಯೇ ಹೊರತು ಹೊಗೆ ನಿರಪಾಯವೆಂದು ಆಗುವುದಿಲ್ಲ.

ಹಾಗೆ ಹುಟ್ಟುವ ಕಡೆಗಳಲ್ಲಿ ಕೈಗಾರಿಕಾ ಪಿಚ್ ಒಂದು. ಉಕ್ಕಿನ ಕಾರ್ಖಾನೆಗಾಗಿ ಕಲ್ಲಿದ್ದಲನ್ನು ಕೋಕ್ ಮಾಡುವಾಗ ಟಾರು ಸಿಗುತ್ತದೆ. ಟಾರಿನಿಂದ ಎಣ್ಣೆಗಳನ್ನು ಬಟ್ಟಿಯಿಳಿಸಿದ ಮೇಲೆ ಉಳಿಯುವುದು ಪಿಚ್. ತಣ್ಣಗಿದ್ದಾಗ ಸುತ್ತಿಗೆ ಬಿದ್ದರೆ ಗಾಜಿನಂತೆ ಸಿಡಿಯುವ ಹೊಳಪುಗಪ್ಪು ಗಟ್ಟಿ. ಅದರ ಹುಡಿ ಮೈಗೆ ಹತ್ತಿ ಬಿಸಿಲಿಗೆ ನಿಂತ ಕೆಲಸಗಾರನ ಚರ್ಮ ಸುಟ್ಟಂತೆ ಉರಿಯುತ್ತದೆ. ನಮ್ಮ ರಸ್ತೆಗಳಿಗೆ ಇಂದು ಹಾಕುವ, ನಾವು ಡಾಂಬರು ಎಂದೇ ಕರೆಯುವ ವಸ್ತು ಪೆಟ್ರೋಲಿಯಂನಿಂದ ಬರುವ ಬಿಟುಮೆನ್. ಅದರಲ್ಲಿ ಬೆಂಜೋಪೈರೀನ್ ಅತ್ಯಲ್ಪ. ಕಲ್ಲಿದ್ದಲ ಪಿಚ್‌ನಲ್ಲಿ ತೂಕದ ಶೇ 1ರ ಆಸುಪಾಸಿನಲ್ಲಿರುತ್ತದೆ. ಪಿಚ್‌ನ ದೊಡ್ಡ ಗಿರಾಕಿ ಅಲ್ಯೂಮಿನಿಯಂ ಉದ್ಯಮ: ಕೋಕ್ ಪುಡಿಯನ್ನು ಪಿಚ್‌ನಿಂದ ಕಲಸಿ ಆನೋಡ್ ಮಾಡುತ್ತಾರೆ. ಕಲಸಿದ ಹಿಟ್ಟನ್ನು ಕುಲುಮೆಯ ಮೇಲೆಯೇ ಬೇಯಿಸುವ ಹಳೆಯ ಸೋಡರ್‌ಬರ್ಗ್ ಪದ್ಧತಿಯಲ್ಲಿ ಹೊಗೆಯೆಲ್ಲ ಕೆಲಸಗಾರರ ಮುಖಕ್ಕೇ ಬರುತ್ತಿತ್ತು.

ವಿಷ ತಗ್ಗಿಸುವ ದಾರಿಗಳು ಹಲವು. ಸುಲಭದ್ದು, ಪೆಟ್ರೋಲಿಯಂ ಪಿಚ್ ಬೆರೆಸುವುದು. ಮೊದಲೇ ಬೇಯಿಸಿದ ಆನೋಡ್ ಬಳಸಿ, ಬೇಯಿಸುವಾಗ ಬರುವ ಹೊಗೆಯನ್ನು ಹಿಡಿದು ಸುಡುವುದು ಇನ್ನೊಂದು. ಕುತೂಹಲದ ದಾರಿ ರಸಾಯನದ್ದು: ಕಾಯಿಸಿದ ಪಿಚ್‌ಗೆ ಪಾಲಿಯೆಸ್ಟರ್ ರಾಳ ಅಥವಾ ಪಾಲಿಎಥಿಲೀನ್ ಗ್ಲೈಕಾಲ್‌ನಂಥ ಪಾಲಿಮರ್ ಸೇರಿಸಿದರೆ ಅದು ಬೆಂಜೋಪೈರೀನಿನ ಅತಿ ಚುರುಕಾದ ಇಂಗಾಲಕ್ಕೆ ಹೆಣೆದುಕೊಳ್ಳುತ್ತದೆ. ಹೀಗೆ ಭಾರವಾದ ಅಣು ಮೊದಲಿನ ಹಾಗೆ ಆವಿಯಾಗಿ ಹಾರಲಾರದು. ತೊಡಕೂ ಇದೆ. ಪಾಲಿಮರ್ ಹೆಚ್ಚಾದರೆ ಪಿಚ್ ಮೆದುವಾಗುವ ತಾಪ ಬದಲಾಗಿ ಅಂಟುವ ಗುಣ ಕೆಡಬಹುದು. ಬೆಂಜೋಪೈರೀನ್ ಒಂದನ್ನೇ ಅಳೆದು ವಿಷ ಹೋಯಿತೆನ್ನುವುದೂ ತಪ್ಪು, ಅದರ ಒಡಹುಟ್ಟಿದ ಸಂಯುಕ್ತಗಳು ಒಳಗೇ ಉಳಿದಿರುತ್ತವೆ.

ಕಾನೂನಿನ ದಾರಿಯೂ ಇದೆ. ಅಮೆರಿಕದ ಆಸ್ಟಿನ್ ನಗರ ವಾಹನ ನಿಲುಗಡೆ ಜಾಗಗಳಿಗೆ ಕಲ್ಲಿದ್ದಲ ಟಾರಿನ ಲೇಪವನ್ನು 2006ರಿಂದ ನಿಷೇಧಿಸಿತು. ಭಾರತದ 2009ರ ವಾಯುಗುಣಮಟ್ಟ ಮಾನಕಗಳ ಪ್ರಕಾರ ಹೊರಗಾಳಿಯಲ್ಲಿ ಬೆಂಜೋಪೈರೀನಿನ ವಾರ್ಷಿಕ ಸರಾಸರಿ ಘನಮೀಟರಿಗೆ 1 ನ್ಯಾನೋಗ್ರಾಂ ಮೀರಬಾರದು. ಈ ಮಿತಿ ಗಾಳಿಯ ಕಣಗಳಿಗೆ ಅಂಟಿದ ಬೆಂಜೋಪೈರೀನಿಗೆ ಮಾತ್ರ ಸಂಬಂಧಿಸಿದ್ದು. ಅಡುಗೆಮನೆಯೊಳಗಿನ ಗಾಳಿಗೆ ಅದು ಅನ್ವಯಿಸುವುದಿಲ್ಲ.