ಯಾವ ರೋಗಿ ನನ್ನವರು?: ನರ್ಸ್ ಪ್ರಾಕ್ಟಿಷನರ್ ಕವಲುಗಳ ಚರಿತ್ರೆ

'ಶುಶ್ರೂಷೆ' ಎಂಬ ಪದವನ್ನು ನಾವು ರೋಗಿಯ ಆರೈಕೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಕೇಳಬೇಕೆಂಬ ಇಚ್ಛೆ. ಗುರುಹಿರಿಯರು ಹೇಳಿದ್ದನ್ನು ಕೇಳುವುದು, ಕೇಳಿದ್ದನ್ನು ನಡೆಸಿಕೊಡುವುದು, ಹಾಗೆ ನಡೆಸಿಕೊಡುವುದೇ ಸೇವೆ ಎಂದು ಅರ್ಥ ಹಂತಹಂತವಾಗಿ ಸರಿದಿದೆ. ನಮ್ಮ ಆಡುಮಾತಿನಲ್ಲೂ 'ಹೇಳಿದ್ದನ್ನು ಕೇಳುವವರು' ಎಂದರೆ ವಿಧೇಯರು ಎಂದೇ ಅರ್ಥ. ಹಾಗಾದರೆ ಶುಶ್ರೂಷಕಿ ಯಾರ ಮಾತನ್ನು ಕೇಳಬೇಕು? ರೋಗಿಯದನ್ನೇ, ವೈದ್ಯರದನ್ನೇ? ಕಳೆದ 60 ವರ್ಷಗಳಲ್ಲಿ ಈ ಪ್ರಶ್ನೆಯನ್ನು ತೀವ್ರವಾಗಿ ಎದುರಿಸಿದ ಒಂದು ವೃತ್ತಿಯೆಂದರೆ ಅಮೆರಿಕದ ನರ್ಸ್ ಪ್ರಾಕ್ಟಿಷನರ್‌ಗಳದು.

ಇವರು ನರ್ಸಿಂಗ್ ಪದವಿಯ ನಂತರ ಉನ್ನತ ತರಬೇತಿ ಪಡೆದು, ರೋಗಿಯನ್ನು ಪರೀಕ್ಷಿಸಿ, ರೋಗ ಇಂಥದ್ದೆಂದು ಗುರುತಿಸಿ, ಔಷಧಿ ಬರೆದುಕೊಡುವ ಅಧಿಕಾರವುಳ್ಳವರು. ಅಮೆರಿಕದಲ್ಲಿ ಈಗ ಇವರ ಸಂಖ್ಯೆ ಸುಮಾರು 4 ಲಕ್ಷ. ಈ ವೃತ್ತಿಗೆ ಬರುವವರು ಕಲಿಕೆಯ ಬಾಗಿಲಲ್ಲೇ ಒಂದು ಕವಲನ್ನು ಆರಿಸಿಕೊಳ್ಳಬೇಕು: ಕುಟುಂಬ, ಮಕ್ಕಳು, ನವಜಾತ ಶಿಶುಗಳು, ವಯಸ್ಕರು ಮತ್ತು ವೃದ್ಧರು, ಮಹಿಳೆಯರು, ಮನೋರೋಗ. ಎಂಬಿಬಿಎಸ್‌ನಂತೆ ಮೊದಲು ಎಲ್ಲವನ್ನೂ ಕಲಿತು ಆಮೇಲೆ ವಿಭಾಗ ಆರಿಸುವ ಕ್ರಮ ಇಲ್ಲಿಲ್ಲ. ಆಯ್ಕೆ ತಪ್ಪಿತೆಂದು ಮುಂದೆ ಅನ್ನಿಸಿದರೆ ಮತ್ತೆ ಕಾಲೇಜಿಗೆ ಹೋಗಿ, ಹೊಸ ಕವಲಿನ ಪ್ರಮಾಣಪತ್ರ ಗಳಿಸಬೇಕು.

ಇಪ್ಪತ್ತೈದರ ಆಸುಪಾಸಿನ ವಿದ್ಯಾರ್ಥಿಗೆ ಇದು ತನ್ನ ಅಭಿರುಚಿಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಈ ಕವಲುಗಳು ಮನುಷ್ಯನ ದೇಹವನ್ನು ನೋಡಿ ಹುಟ್ಟಿದವಲ್ಲ. ವೈದ್ಯರು ಎಲ್ಲಿ ಇರಲಿಲ್ಲ, ದುಡ್ಡು ಎಲ್ಲಿಂದ ಬಂತು, ಕಾನೂನು ಎಲ್ಲಿ ಸಡಿಲವಾಯಿತು ಎಂಬುದನ್ನು ಅನುಸರಿಸಿ ಒಂದೊಂದಾಗಿ ಮೂಡಿದವು. ಆ ಚರಿತ್ರೆ ಗೊತ್ತಿದ್ದರೆ ಆಯ್ಕೆಯ ಸ್ವರೂಪವೇ ಬೇರೆಯಾಗಿ ತೋರುತ್ತದೆ.

ಕೊಲೊರಾಡೊದ ಮಕ್ಕಳು

ಲೊರೆಟ್ಟಾ ಫೋರ್ಡ್ ಕೊಲೊರಾಡೊದಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ದುಡಿದವರು. ವೈದ್ಯರು ಅಪರೂಪವಾಗಿದ್ದ ಕಡೆಗಳಲ್ಲಿ ನರ್ಸುಗಳು ಮಕ್ಕಳನ್ನು ತೂಗಿ, ಎದೆಗೆ ಕಿವಿಗೊಟ್ಟು, ತಾಯಂದಿರಿಗೆ ಬುದ್ಧಿಮಾತು ಹೇಳಿ, ಏನು ನಡೆದಿದೆಯೆಂದು ತಾವೇ ತೀರ್ಮಾನಿಸುತ್ತಿದ್ದುದನ್ನು ಅವರು ಬಲ್ಲವರಾಗಿದ್ದರು. ಆದರೆ ಆ ತೀರ್ಮಾನಕ್ಕೆ ಹೆಸರಿರಲಿಲ್ಲ. 1965ರಲ್ಲಿ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮಕ್ಕಳ ನರ್ಸ್ ಪ್ರಾಕ್ಟಿಷನರ್ ತರಬೇತಿಯನ್ನು ಆರಂಭಿಸಿದರು. ಸುಮಾರು ನಾಲ್ಕು ತಿಂಗಳ ತೀವ್ರ ಕಲಿಕೆ, ಅದರ ಬೆನ್ನಿಗೆ ಊರುಗಳ ಕ್ಲಿನಿಕ್ಕುಗಳಲ್ಲಿ ಕೆಲಸ. ಮೊದಲ ಕವಲು ಮಕ್ಕಳದ್ದಾಗಲು ಕಾರಣ ಇಷ್ಟೇ: ಆರೋಗ್ಯವಂತ ಮಗುವಿನ ನಿಯಮಿತ ತಪಾಸಣೆಯಲ್ಲಿ ನರ್ಸುಗಳಿಗೆ ಆಗಲೇ ಹಿಡಿತವಿತ್ತು, ಮಕ್ಕಳ ವೈದ್ಯರ ಕೊರತೆಯೂ ಇತ್ತು.

ವಿರೋಧ ಬಂದದ್ದು ವೈದ್ಯರಿಂದ ಮಾತ್ರವಲ್ಲ. ನರ್ಸಿಂಗ್ ಪ್ರಾಧ್ಯಾಪಕರಲ್ಲೇ ಅನೇಕರು ಇದನ್ನು ಒಪ್ಪಲಿಲ್ಲ. ನರ್ಸಿಂಗ್ ಒಂದು ಸ್ವತಂತ್ರ ಶಾಸ್ತ್ರವೆಂದು ವಾದಿಸಿದ್ದ ಮಾರ್ಥಾ ರೋಜರ್ಸ್ ಅವರಿಗೆ, ನರ್ಸುಗಳನ್ನು ವೈದ್ಯಕೀಯದ ಅಂಗಳಕ್ಕೆ ಸೆಳೆದುಕೊಳ್ಳುವ ಹುನ್ನಾರದಂತೆ ಇದು ಕಂಡಿತು. ಅವರ ಆತಂಕವನ್ನು ಸುಲಭವಾಗಿ ತಳ್ಳಿಹಾಕಲಾಗದು. ವೈದ್ಯರು ಬಿಟ್ಟ ಕೆಲಸವನ್ನು ಕಡಿಮೆ ಸಂಬಳಕ್ಕೆ ಮಾಡುವವರು ಎಂಬ ಸ್ಥಾನ ಯಾವ ವೃತ್ತಿಗೂ ಗೌರವ ತರುವುದಿಲ್ಲ.

ಈ ವಿರೋಧಕ್ಕೆ ಒಂದು ಪೂರ್ವಕಥೆಯೂ ಇದೆ. 1950ರ ದಶಕದ ಕೊನೆಯಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನರ್ಸ್ ಥೆಲ್ಮಾ ಇಂಗಲ್ಸ್ ಮತ್ತು ವೈದ್ಯ ಯೂಜೀನ್ ಸ್ಟೆಡ್ ಸೇರಿ ನರ್ಸುಗಳಿಗೆ ಇಂಥದ್ದೇ ಉನ್ನತ ತರಬೇತಿಯನ್ನು ರೂಪಿಸಿದ್ದರು. ನರ್ಸಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ಅದಕ್ಕೆ ಮಾನ್ಯತೆ ನೀಡಲಿಲ್ಲ. ಸ್ಟೆಡ್ ನರ್ಸುಗಳನ್ನು ಬಿಟ್ಟು, ನೌಕಾದಳದಲ್ಲಿ ವೈದ್ಯಕೀಯ ಸಹಾಯಕರಾಗಿದ್ದ ಗಂಡಸರ ಕಡೆ ತಿರುಗಿದರು. 1965ರಲ್ಲೇ ಅವರಿಂದ ಫಿಸಿಶಿಯನ್ ಅಸಿಸ್ಟೆಂಟ್ ಎಂಬ ಇನ್ನೊಂದು ವೃತ್ತಿ ಹುಟ್ಟಿತು. ಇಂದು ಒಂದೇ ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವ ಈ ಎರಡು ವೃತ್ತಿಗಳು ಬೇರೆ ಬೇರೆಯಾಗಿರುವುದರ ಹಿಂದೆ ಆ ನಿರಾಕರಣೆಯ ಪಾಲೂ ಇದೆ.

ಖಾಲಿ ಜಾಗಗಳು, ಹೊಸ ಕವಲುಗಳು

ಕೊಲೊರಾಡೊ ಪ್ರಯೋಗ ಆರಂಭವಾದ ವರ್ಷವೇ ಅಮೆರಿಕ ಸರ್ಕಾರ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಯೋಜನೆಗಳನ್ನು ಜಾರಿಗೆ ತಂದಿತು. ಚಿಕಿತ್ಸೆಯ ಹಕ್ಕು ಕಾಗದದ ಮೇಲೆ ಬಂತು, ಆದರೆ ಚಿಕಿತ್ಸೆ ಕೊಡುವ ಕೈಗಳು ಸಾಲಲಿಲ್ಲ. ಕುಟುಂಬದ ಎಲ್ಲ ವಯಸ್ಸಿನವರನ್ನೂ ನೋಡುವ ಕವಲು 1970ರ ದಶಕದಲ್ಲಿ ಬೆಳೆದದ್ದು ಈ ಹಿನ್ನೆಲೆಯಲ್ಲಿ. 1970ರಲ್ಲಿ ಕುಟುಂಬ ಯೋಜನೆಗೆ ಕೇಂದ್ರ ಸರ್ಕಾರದ ಅನುದಾನ ದೊರೆತಾಗ, ಗರ್ಭನಿರೋಧ ಕ್ಲಿನಿಕ್ಕುಗಳಿಗಾಗಿ ತಯಾರಾದ ನರ್ಸುಗಳಿಂದ ಮಹಿಳಾ ಆರೋಗ್ಯದ ಕವಲು ಬೆಳೆಯಿತು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಉಳಿಸುವ ತೀವ್ರ ನಿಗಾ ಘಟಕಗಳು ಹೆಚ್ಚಿದಂತೆ ನವಜಾತ ಶಿಶುಗಳ ಕವಲು ಬಂತು.

ಆಸ್ಪತ್ರೆಯೊಳಗಿನ ತೀವ್ರ ಆರೈಕೆಯ ಕವಲಿಗೆ ಇನ್ನೊಂದು ಕಾರಣವೂ ಸೇರಿತು. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ ಲಿಬಿ ಝಯಾನ್ ಎಂಬ 18 ವರ್ಷದ ಯುವತಿ ತೀರಿಕೊಂಡ ಪ್ರಕರಣ, ತರಬೇತಿಯಲ್ಲಿರುವ ಕಿರಿಯ ವೈದ್ಯರ ದುಡಿಮೆಯ ಅವಧಿಯ ಬಗ್ಗೆ ದೊಡ್ಡ ಚರ್ಚೆ ಎಬ್ಬಿಸಿತು. 1989ರಿಂದ ನ್ಯೂಯಾರ್ಕ್ ರಾಜ್ಯ ಅದನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು. 2003ರಲ್ಲಿ ಇದೇ ಮಿತಿ ದೇಶಕ್ಕೆಲ್ಲ ಅನ್ವಯವಾಯಿತು. ಕಿರಿಯ ವೈದ್ಯರು ಬಿಟ್ಟ ಗಂಟೆಗಳನ್ನು ತುಂಬುವವರು ಬೇಕಾದರು. ತೀವ್ರ ಆರೈಕೆಯ ನರ್ಸ್ ಪ್ರಾಕ್ಟಿಷನರ್‌ಗಳ ಮೊದಲ ಅರ್ಹತಾ ಪರೀಕ್ಷೆ ನಡೆದದ್ದು 1995ರಲ್ಲಿ.

ಕೋರ್ಟು ಮತ್ತು ಖಜಾನೆ

ಸಾಮರ್ಥ್ಯ ಸಾಬೀತಾದರೆ ಸಾಕೇ? ಕೆನಡಾದ ಒಂಟಾರಿಯೊ ಪ್ರಾಂತದ ಬರ್ಲಿಂಗ್ಟನ್ ಪಟ್ಟಣದ ಪ್ರಯೋಗ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. 1974ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ವೈದ್ಯರಿಗೂ ಇನ್ನೊಂದನ್ನು ನರ್ಸ್ ಪ್ರಾಕ್ಟಿಷನರ್‌ಗಳಿಗೂ ಒಪ್ಪಿಸಲಾಯಿತು. ತಮ್ಮಲ್ಲಿಗೆ ಬಂದ ಭೇಟಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ನರ್ಸುಗಳು ವೈದ್ಯರನ್ನು ಕರೆಯದೆಯೇ ನಿಭಾಯಿಸಿದರು. ಎರಡೂ ಗುಂಪಿನ ರೋಗಿಗಳ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೂ ಕ್ಲಿನಿಕ್ಕಿಗೆ ನಷ್ಟವಾಯಿತು, ಏಕೆಂದರೆ ನರ್ಸ್ ನೋಡಿದ ರೋಗಿಗೆ ಬಿಲ್ ಮಾಡಲು ವಿಮೆಯ ನಿಯಮದಲ್ಲಿ ಅವಕಾಶವಿರಲಿಲ್ಲ. ಮುಂದೆ ವೈದ್ಯರ ಸಂಖ್ಯೆಯೂ ಹೆಚ್ಚಿತು, 1980ರ ದಶಕದ ಆರಂಭಕ್ಕೆ ಕೆನಡಾದ ತರಬೇತಿ ಕೇಂದ್ರಗಳು ಬಹುಪಾಲು ಮುಚ್ಚಿದವು. ಅವು ಮತ್ತೆ ಚೇತರಿಸಿಕೊಂಡದ್ದು 1990ರ ದಶಕದಲ್ಲಿ. ನಡುವೆ ಆ ನರ್ಸುಗಳಿಗಾಗಲಿ ಅವರ ರೋಗಿಗಳಿಗಾಗಲಿ ಸಮಾಧಾನ ಹೇಳುವ ಅಂಕಿಅಂಶ ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಅಮೆರಿಕದಲ್ಲಿ ಜಗಳ ನ್ಯಾಯಾಲಯಕ್ಕೂ ಹೋಯಿತು. ರೋಗ ಗುರುತಿಸುವುದೂ ಚಿಕಿತ್ಸೆ ನೀಡುವುದೂ ನರ್ಸಿಂಗಿನ ವ್ಯಾಪ್ತಿಗೆ ಬರಬಹುದೆಂದು 1971ರಲ್ಲಿ ಮೊದಲು ಕಾನೂನಿನಲ್ಲಿ ಬರೆದದ್ದು ಇಡಾಹೊ ರಾಜ್ಯ. ಮಿಸೌರಿಯಲ್ಲಿ, ಕಡಿಮೆ ಆದಾಯದ ಹೆಂಗಸರಿಗೆ ಕುಟುಂಬ ಯೋಜನೆಯ ಸೇವೆ ಕೊಡುತ್ತಿದ್ದ ಕ್ಲಿನಿಕ್ಕುಗಳ ನರ್ಸುಗಳ ಮೇಲೆ ಪರವಾನಗಿಯಿಲ್ಲದೆ ವೈದ್ಯಕೀಯ ಮಾಡುತ್ತಿದ್ದಾರೆಂಬ ಆರೋಪ ಬಂತು. ಅವರು ಮಾಡುತ್ತಿದ್ದದ್ದು ಸ್ತನ ಮತ್ತು ಗರ್ಭಕೋಶದ ತಪಾಸಣೆ, ಪ್ಯಾಪ್ ಪರೀಕ್ಷೆ, ವೈದ್ಯರು ಮೊದಲೇ ಸಹಿ ಮಾಡಿಟ್ಟ ನಿರ್ದೇಶನದಂತೆ ಗರ್ಭನಿರೋಧಕ ವಿತರಣೆ. 1983ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸರ್ಮ್‌ಚೀಫ್ ಪ್ರಕರಣದಲ್ಲಿ ನರ್ಸುಗಳ ಪರವಾಗಿ ತೀರ್ಪಿತ್ತಿತು. ಮೆಡಿಕೇರ್ ಯೋಜನೆ ಇವರಿಗೆ ಊರು, ನಗರ ಎಂಬ ಭೇದವಿಲ್ಲದೆ ನೇರ ಪಾವತಿಗೆ ಒಪ್ಪಿದ್ದು 1997ರ ಕಾಯ್ದೆಯಿಂದ. ಅದೂ ವೈದ್ಯರಿಗೆ ಕೊಡುವ ದರದ ಶೇ. 85ರಷ್ಟು.

ತರಬೇತಿ: ತಿಂಗಳಿಂದ ಡಾಕ್ಟರೇಟ್‌ಗೆ

ನಾಲ್ಕು ತಿಂಗಳ ಕಲಿಕೆ ಕ್ರಮೇಣ ಸ್ನಾತಕೋತ್ತರ ಪದವಿಯಾಯಿತು. 2004ರಲ್ಲಿ ನರ್ಸಿಂಗ್ ಕಾಲೇಜುಗಳ ಒಕ್ಕೂಟ 2015ರ ಹೊತ್ತಿಗೆ ಡಾಕ್ಟರೇಟ್ ಮಟ್ಟಕ್ಕೆ ಏರಿಸುವ ಗುರಿ ಇಟ್ಟುಕೊಂಡಿತು. ಆ ಗಡುವು ದಾಟಿದರೂ ಸ್ನಾತಕೋತ್ತರ ಪದವಿಯ ದಾರಿ ಮುಚ್ಚಲಿಲ್ಲ. 2008ರಲ್ಲಿ ಪರವಾನಗಿ, ಮಾನ್ಯತೆ, ಪರೀಕ್ಷೆ, ಶಿಕ್ಷಣ ನಾಲ್ಕನ್ನೂ ಹೊಂದಿಸುವ ಒಮ್ಮತದ ಮಾದರಿಯೊಂದು ರೂಪುಗೊಂಡಿತು. ಈ ಲೇಖನದ ಆರಂಭದಲ್ಲಿ ಹೇಳಿದ ಆರು ಕವಲುಗಳು ಅಲ್ಲಿ ಸ್ಥಿರವಾದವು. ಮಕ್ಕಳ ಕವಲು ಹಾಗೂ ವಯಸ್ಕ-ವೃದ್ಧರ ಕವಲುಗಳಲ್ಲಿ ಪ್ರಾಥಮಿಕ ಆರೈಕೆ, ತೀವ್ರ ಆರೈಕೆ ಎಂಬ ಇನ್ನೊಂದು ಸೀಳೂ ಬಂತು.

ಇಲ್ಲಿಂದ ಆಯ್ಕೆಗೆ ಕಾನೂನಿನ ತೂಕ ಬಂತು. ಇಂದು ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿ ಕುಟುಂಬದ ಕವಲಿನವರು. ಎಲ್ಲ ವಯಸ್ಸಿನವರನ್ನೂ ನೋಡಬಹುದು, ಎಲ್ಲಿ ಹೋದರೂ ಕೆಲಸ ಸಿಗುತ್ತದೆ ಎಂಬುದು ಲೆಕ್ಕಾಚಾರ. ಆದರೆ ಅದು ಪ್ರಾಥಮಿಕ ಆರೈಕೆಯ ತರಬೇತಿ. ಹಾಗೆ ಕಲಿತವರು ಐಸಿಯುನಲ್ಲಿ ಕೆಲಸಕ್ಕೆ ಸೇರಿದರೆ, ಕೆಲಸ ಕೊಟ್ಟವರಿಗೆ ಒಪ್ಪಿಗೆಯಿದ್ದರೂ ತರಬೇತಿಗೂ ಹೊಣೆಗೂ ಹೊಂದಾಣಿಕೆ ತಪ್ಪಬಹುದು. ಆದ್ದರಿಂದ 'ಯಾವುದಕ್ಕೆ ಬೇಡಿಕೆಯಿದೆ' ಎಂದು ಕೇಳುವ ಮೊದಲು 'ಯಾವ ಹಾಸಿಗೆಯ ಪಕ್ಕ ನಿಂತು ತೀರ್ಮಾನ ತೆಗೆದುಕೊಳ್ಳಲಿದ್ದೇನೆ' ಎಂದು ಕೇಳಿಕೊಳ್ಳಬೇಕು.

ಕಾಲೇಜಿನ ಆಯ್ಕೆಗೂ ಇದೇ ಮಾತು. ರೋಗಿಗಳ ಜೊತೆ ಕಳೆಯಬೇಕಾದ ಕನಿಷ್ಠ ಅವಧಿ ಬಹುಕಾಲ 500 ಗಂಟೆಯಿತ್ತು; 2022ರ ಮಾನದಂಡ ಅದನ್ನು 750ಕ್ಕೆ ಏರಿಸಿತು. ಪಾಠವೆಲ್ಲ ಆನ್‌ಲೈನ್ ಆಗಿರುವ ಕೆಲವು ಕೋರ್ಸುಗಳಲ್ಲಿ, ಕೈಹಿಡಿದು ಕಲಿಸುವ ಕ್ಲಿನಿಕ್ಕನ್ನು ಹುಡುಕುವ ಭಾರ ವಿದ್ಯಾರ್ಥಿಯ ಹೆಗಲಿಗೇ ಬೀಳುತ್ತದೆ. ಫೋರ್ಡ್ ಮತ್ತು ಸಿಲ್ವರ್ ಅವರ ತರಬೇತಿ ಅವಧಿಯಲ್ಲಿ ಚಿಕ್ಕದಿತ್ತು, ಆದರೆ ಯಾರ ಪಕ್ಕದಲ್ಲಿ ನಿಂತು ಕಲಿಯಬೇಕೆಂಬುದು ಅಲ್ಲಿ ಮೊದಲೇ ತೀರ್ಮಾನವಾಗಿತ್ತು. ಕಾಲೇಜಿನ ಶುಲ್ಕ, ಹೆಸರುಗಳಿಗಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು.

ನಮ್ಮ ಕಡೆಗೆ

ಈ ಚರಿತ್ರೆ ನಮಗೆ ದೂರದ್ದಲ್ಲ. 1946ರ ಭೋರ್ ಸಮಿತಿ, ಕಡಿಮೆ ಅವಧಿಯಲ್ಲಿ ತಯಾರಾಗುತ್ತಿದ್ದ ಲೈಸೆನ್ಷಿಯೇಟ್ ವೈದ್ಯರ ಬದಲು ಒಂದೇ ಬಗೆಯ ಪೂರ್ಣ ಪದವಿಯ ವೈದ್ಯರು ಸಾಕೆಂದು ಬಹುಮತದಿಂದ ಹೇಳಿತು. ಹಳ್ಳಿಗಳಲ್ಲಿ ಉಳಿದ ಖಾಲಿ ಜಾಗವನ್ನು ಯಾರು ತುಂಬಬೇಕೆಂಬ ಪ್ರಶ್ನೆ ಅಂದಿನಿಂದಲೂ ಇದೆ. ಭಾರತೀಯ ನರ್ಸಿಂಗ್ ಪರಿಷತ್ತು ಕಳೆದ ದಶಕದಲ್ಲಿ ಐಸಿಯುಗಳಿಗಾಗಿ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಕೋರ್ಸನ್ನು ರೂಪಿಸಿತು. 2018ರಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ವಿದ್ಯೆಯ ನರ್ಸ್ ಪ್ರಾಕ್ಟಿಷನರ್‌ಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಆರಂಭವಾದ ಆರೋಗ್ಯ ಕ್ಷೇಮ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಾಗಿ ನರ್ಸಿಂಗ್ ಪದವೀಧರರೂ ಸೇರಿದರು. ಕರ್ನಾಟಕದ ಹಳ್ಳಿಗಳಲ್ಲೂ ಬಿಪಿ ನೋಡಿ, ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟು, ದೊಡ್ಡಾಸ್ಪತ್ರೆಗೆ ಯಾವಾಗ ಕಳಿಸಬೇಕೆಂದು ನಿರ್ಧರಿಸುವವರು ಇವರು. ಜನ ಅವರನ್ನು ಕರೆಯುವುದು 'ಸಿಸ್ಟರ್' ಎಂದೇ.

ಈ ಸಿಸ್ಟರ್ ನಿತ್ಯ ತೆಗೆದುಕೊಳ್ಳುವ ತೀರ್ಮಾನಗಳಿಗೆ ತಕ್ಕ ಕಲಿಕೆ, ಕಾನೂನಿನ ರಕ್ಷಣೆ, ಸಂಬಳ ಮೂರೂ ಒಟ್ಟಿಗೆ ಸಿಗುತ್ತಿವೆಯೇ? ಅಮೆರಿಕದಲ್ಲಿ ಮೂರೂ ಒಂದರ ಹಿಂದೊಂದು ಬರಲು 30 ವರ್ಷ ಹಿಡಿಯಿತು. ಇಂದಿಗೂ ಅಲ್ಲಿ ವೈದ್ಯರ ಮೇಲ್ವಿಚಾರಣೆಯಿಲ್ಲದೆ ಪೂರ್ಣವಾಗಿ ಕೆಲಸ ಮಾಡಲು ಬಿಡುವ ರಾಜ್ಯಗಳು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರು ಇಲ್ಲೇ ಉಳಿದರೂ ಹೊರದೇಶಕ್ಕೆ ಹೋದರೂ ಮುಂದಿನ ಓದನ್ನು ಆರಿಸುವಾಗ ಸಂಬಳದ ಪಟ್ಟಿಯ ಜೊತೆಗೆ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಲಿ: ಈ ಕವಲು ಯಾವ ರೋಗಿಗಳಿಗಾಗಿ ಹುಟ್ಟಿತು? ಅವರ ಮಾತು ಕೇಳಿದ ಮೇಲೆ ತೀರ್ಮಾನ ಮಾಡುವ ಅಧಿಕಾರ ನನಗಿರುತ್ತದೆಯೇ?