ಬಂಡಿಯ ಮೇವು

ಭಾರತ ಹುಣ್ಣಿಮೆ ಬಂದಿತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಚಕ್ಕಡಿಗಳು ಇಂದಿಗೂ ಕಾಣುತ್ತವೆ. ಅವುಗಳ ಮಗ್ಗುಲಲ್ಲಿಯೇ ಬಸ್ಸು, ಟ್ರ್ಯಾಕ್ಟರು, ಕಾರುಗಳು ಸಾಗುತ್ತವೆ. ಈಗ ಸದ್ದಿಲ್ಲದ ವಿದ್ಯುತ್ ವಾಹನಗಳೂ ಬಂದಿವೆ. ಇವುಗಳಲ್ಲಿ ನಮಗೆ ಒಗ್ಗುವುದು ಯಾವುದು? ಬಂಡಿಯ ವೇಗವನ್ನು ನೋಡುವ ಮೊದಲು ಅದರ ಮೇವು ಎಲ್ಲಿಂದ ಬರುತ್ತದೆಂಬುದನ್ನು ನೋಡಬೇಕೆಂದು ಇತಿಹಾಸವು ಹೇಳುತ್ತದೆ.

ಎತ್ತಿನ ಮೇವು ಹೊಲದ ಜೋಳದ ಕಣಿಕೆ. ಅದಕ್ಕಾಗಿ ರೊಕ್ಕ ಊರು ದಾಟಬೇಕಾಗಿರಲಿಲ್ಲ.

ವಿದ್ಯುತ್ ಕಾರು ಹೊಸ ವಸ್ತುವೆಂದು ಅನೇಕರು ಭಾವಿಸುತ್ತಾರೆ. ಆದರೆ 1899ರಲ್ಲಿಯೇ ಫ್ರಾನ್ಸಿನಲ್ಲಿ ಕಾಮಿಲ್ ಜೆನಾಟ್ಜಿ ಎಂಬವನು ವಿದ್ಯುತ್ ಕಾರಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೀರಿದ್ದನು. ಅದಕ್ಕೆ ಹೊಗೆಯಿಲ್ಲ, ಕೈಯಿಂದ ಹಿಡಿಕೆ ತಿರುಗಿಸುವ ಕಷ್ಟವಿಲ್ಲ. ಆದರೆ ಸೀಸದ ಬ್ಯಾಟರಿ ಬಲು ಭಾರ. ನಗರದ ಹೊರಗೆ ವಿದ್ಯುತ್ತೂ ವಿರಳ. 1912ರಲ್ಲಿ ಪೆಟ್ರೋಲ್ ಕಾರಿಗೆ ತಾನಾಗಿ ಚಾಲೂ ಆಗುವ ಸಾಧನ ಬಂದಿತು. ವಿದ್ಯುತ್ ಕಾರು ಹಿಂದೆ ಸರಿಯಿತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೇ ಪಡಿತರ ಬಂದಿತು. ಆಗ ನಮ್ಮ ದೇಶದ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಏರಿತು. ಕಡಿಮೆ ಗಾಳಿಯಲ್ಲಿ ಇದ್ದಿಲನ್ನು ಉರಿಸಿ, ಹುಟ್ಟಿದ ಅನಿಲವನ್ನು ಸೋಸಿ ಎಂಜಿನ್ನಿಗೆ ಕೊಡುತ್ತಿದ್ದರು. ಒಲೆ ಹೊತ್ತಿಸಲು ಹೊತ್ತು ಬೇಕು. ಏರಿನಲ್ಲಿ ಬಸ್ಸು ಸೋಲುತ್ತಿತ್ತು. ಯುದ್ಧ ಮುಗಿದು ಪೆಟ್ರೋಲು ಮರಳಿದೊಡನೆ ಒಲೆ ಕೆಳಗಿಳಿಯಿತು.

ಇಂದು ಕಬ್ಬಿನ ಸರದಿ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಬೆರೆಯತೊಡಗಿತು. ಬೈಲಹೊಂಗಲ, ಕಿತ್ತೂರು ಭಾಗದ ಕಬ್ಬಿನ ರೈತನಿಗೆ ಇದು ಸಂತೋಷದ ಮಾತು. ಆದರೆ ಒಂದು ಲೀಟರ್ ಎಥನಾಲಿನಲ್ಲಿ ಇರುವುದು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ. ಕಬ್ಬಿಗೆ ವರ್ಷವಿಡೀ ನೀರು ಬೇಕು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಸೀಮೆಯನ್ನು ದಾಟಿಯೇ ಸವದತ್ತಿಗೂ ರಾಮದುರ್ಗಕ್ಕೂ ಹೋಗಬೇಕು. ಮೇಲಿನವರ ಇಂಧನವು ಕೆಳಗಿನವರ ಕುಡಿಯುವ ನೀರಾಗಬಾರದಷ್ಟೆ.

ವಿದ್ಯುತ್ ಕಾರು ಮರಳಿ ಬಂದದ್ದು ಬ್ಯಾಟರಿ ಹಗುರಾದ ಮೇಲೆ. 1991ರಲ್ಲಿ ಲಿಥಿಯಂ ಬ್ಯಾಟರಿ ಪೇಟೆಗೆ ಬಂದಿತು. 2001ರಲ್ಲಿ ಬೆಂಗಳೂರಿನ ರೇವಾ ಕಾರು ಸೀಸದ ಬ್ಯಾಟರಿಯಿಂದಲೇ ರಸ್ತೆಗಿಳಿದಿತ್ತು. ಪೆಟ್ರೋಲ್ ಎಂಜಿನ್ ತಿಂದ ಶಕ್ತಿಯಲ್ಲಿ ಗಾಲಿಗೆ ಮುಟ್ಟುವುದು ಕಾಲು ಪಾಲು ಮಾತ್ರ. ವಿದ್ಯುತ್ತಿನಲ್ಲಿ ಮುಕ್ಕಾಲಿಗೂ ಮೇಲು. ಆದರೆ ಒಂದು ಕಿಲೋ ಪೆಟ್ರೋಲಿನಷ್ಟು ಶಕ್ತಿಯನ್ನು ಹೊರಲು ಸುಮಾರು 50 ಕಿಲೋ ಬ್ಯಾಟರಿ ಬೇಕು. ಆದುದರಿಂದ ಬೈಲಹೊಂಗಲದಿಂದ ಕಿತ್ತೂರಿಗೆ ದಿನವೂ ಹೋಗಿ ಬರುವವನಿಗೆ ಅದು ತಕ್ಕದ್ದು. ಎರೆ ಹೊಲದಲ್ಲಿ ದಿನವಿಡೀ ನೇಗಿಲೆಳೆಯುವ ಟ್ರ್ಯಾಕ್ಟರಿಗೆ ಡೀಸೆಲ್ಲೇ ಇನ್ನೂ ಅನುಕೂಲ.

ನವಿಲುತೀರ್ಥದ ಒಡ್ಡು ಮಳೆಗಾಲದ ನೀರನ್ನು ಬೇಸಿಗೆಗೆ ಕಾದಿಡುತ್ತದೆ. ಹಾಗೆಯೇ ಹಗಲಿನ ಬಿಸಿಲನ್ನು ರಾತ್ರಿಗೆ ಕಾದಿಡುವುದು ಅಗ್ಗವಾದರೆ, ವಿದ್ಯುತ್ ಬಂಡಿಯ ಮೇವೂ ನಮ್ಮ ಹೊಲದಲ್ಲಿಯೇ ದೊರೆತೀತು. ಗುಡ್ಡಕ್ಕೆ ಹೊರಟ ರೈತ ಎತ್ತು ಹೂಡುವ ಮೊದಲು ನೋಡುವುದು ಕಣಿಕೆಯ ಹೊರೆಯನ್ನು. ಕಾರು ಕೊಳ್ಳುವವರೂ ಮೊದಲು ಅದನ್ನೇ ನೋಡಲಿ.