ಕೋಟಿ ರೂಪಾಯಿ ಹೋರಿ ಮತ್ತು ಒಂದು ರಾಗಿ ಮುದ್ದೆ

2021ರ ನವೆಂಬರ್. ಬೆಂಗಳೂರಿನ ಜಿಕೆವಿಕೆಯಲ್ಲಿ ಕೃಷಿ ಮೇಳ. ಆ ವರ್ಷದ ಹೀರೋ ಯಾರು ಹೇಳಿ? ಒಂದು ಹಳ್ಳಿಕಾರ್ ಹೋರಿ. ಹೆಸರು ಕೃಷ್ಣ. ಬೆಲೆ ಒಂದು ಕೋಟಿ ಅಂದ್ರು. ಕೋಟಿ ಅಂದ ಮೇಲೆ ಟಿವಿಯವರು ಬಿಡ್ತೀವಾ? ಎಲ್ಲ ಚಾನೆಲ್‌ಗಳಲ್ಲೂ ಹೋರಿಯೇ ಹೋರಿ. ನಾನೂ ಆ ಸುದ್ದಿ ಓದಿದವನೇ.

ಆಮೇಲಿನ ಒಂದು ಮೇಳಕ್ಕೆ ರಜೆ ಹಾಕಿ, ಬರೀ ನೋಡೋಕೆ, ತಿನ್ನೋಕೆ ಅಂತ ಹೋದೆ. ಮಧ್ಯಾಹ್ನ ಊಟದ ಕ್ಯೂ ಹನುಮಂತನ ಬಾಲ. ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು. ಪಕ್ಕದಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ನನ್ನ ಮುಖ ಗುರುತು ಹಿಡಿದರು. "ಮುದ್ದೆ ಅಗೀಬಾರ್ದು ಸಾ, ನುಂಗ್ಬೇಕು" ಅಂದ್ರು. ಆಮೇಲೆ ಕೇಳಿದ್ರು: "ಹೋರಿ ತೋರ್ಸಿದ್ರಿ, ಸಂತೋಷ. ಈ ರಾಗಿ ಮಾಡ್ದೋರನ್ನ ಯಾವಾಗ ತೋರಿಸ್ತೀರಿ?"

ರಾಗಿಯನ್ನ ಯಾರಾದ್ರೂ 'ಮಾಡ್ತಾರಾ'? ಇಂಜಿನಿಯರಿಂಗ್ ಓದಿದ ತಲೆಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಮನೆಗೆ ಬಂದು ಓದೋಕೆ ಕೂತೆ.

ಕಥೆ ಶುರುವಾಗೋದು ಹಸಿವಿನಿಂದ. 1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನ ಧಾತು-ಈಶ್ವರ ಬರ ಸುಟ್ಟು ಹಾಕಿತು. ಲಕ್ಷಾಂತರ ಜನ ಸತ್ತರು. ಆ ಬರವನ್ನ ಕಂಡಿದ್ದ ಇದೇ ರಾಜ್ಯದಲ್ಲಿ, 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟರು. ಅಲ್ಲಿ ಕೃಷಿ ಪ್ರಯೋಗಗಳು ಶುರುವಾದವು. ಮುಂದೆ ಕೆನಡಾದ ಲೆಸ್ಲಿ ಕೋಲ್ಮನ್ ಬಂದರು, ಕೃಷಿ ಇಲಾಖೆಯನ್ನೇ ಕಟ್ಟಿ ನಿಲ್ಲಿಸಿದರು. ಹೆಬ್ಬಾಳದಲ್ಲಿ ಕೃಷಿ ಶಾಲೆ ಬಂತು, ಕಾಲೇಜು ಬಂತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಆಯಿತು. ಇವತ್ತು ಮೇಳ ಮಾಡೋದು ಅದೇ ವಿಶ್ವವಿದ್ಯಾಲಯ.

ಈಗ ಆ ರೈತರು ಕೇಳಿದ ಮನುಷ್ಯನ ವಿಷಯಕ್ಕೆ ಬರೋಣ. ಹೆಸರು ಲಕ್ಷ್ಮಣಯ್ಯ. ಹುಟ್ಟಿದ್ದು 1921ರಲ್ಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಹಿಂದೆ ಬಿದ್ದವರು. ರಾಗಿಯ ಹೂವು ನೋಡಿದ್ದೀರಾ? ಕಣ್ಣಿಗೆ ಕಾಣದಷ್ಟು ಚಿಕ್ಕದು. ಅರಳೋದು ಬೆಳಕು ಹರಿಯೋಕೆ ಮುಂಚೆ. ಗಂಡು ಹೆಣ್ಣು ಎರಡೂ ಒಂದೇ ಹೂವಿನೊಳಗೆ, ತನ್ನ ಪರಾಗ ತನಗೇ. ಇಂಥದ್ದರಲ್ಲಿ ಎರಡು ತಳಿಗಳನ್ನ ಕೂಡಿಸೋದು ಅಂದ್ರೆ ಸಾಸಿವೆ ಕಾಳಿಗೆ ದಾರ ಪೋಣಿಸಿದ ಹಾಗೆ. ಅವರು ಪೋಣಿಸಿದರು. ಅನ್ನಪೂರ್ಣ, ಕಾವೇರಿ, ಶಕ್ತಿ ಅಂತ ತಳಿಗಳು ಬಂದವು.

ಆಮೇಲೆ ಅವರ ಕಣ್ಣು ಹೋಗಿದ್ದು ಆಫ್ರಿಕಾದ ಕಡೆಗೆ. ಯಾಕಂದ್ರೆ ನಾವು 'ನಮ್ಮ ರಾಗಿ' ಅಂತ ಎದೆ ತಟ್ಟಿಕೊಳ್ತೀವಲ್ಲ, ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಸೊಸೆ ಅದು. ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನ ಕೂಡಿಸಿ, ತವರಿನ ನಂಟು ಮತ್ತೆ ಬೆಸೆದರು. ಆ ತಳಿಗಳೇ ಇಂಡಾಫ್. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ತೆನೆ ದಪ್ಪ, ಇಳುವರಿ ಜಾಸ್ತಿ. ಜನ ಅವರನ್ನ 'ರಾಗಿ ಬ್ರಹ್ಮ' ಅಂದರು. ಆಮೇಲೆ ಬೇರೆ ವಿಜ್ಞಾನಿಗಳು ಬಂದರು, ಬೆಂಕಿ ರೋಗ ತಡೆಯುವ ಜಿಪಿಯು 28ರಂಥ ತಳಿ ಕೊಟ್ಟರು.

ಮುಂದಿನ ದಿನವೇ ಮತ್ತೆ ಮೇಳಕ್ಕೆ ಹೋದೆ. ಈ ಸಲ ಹೋರಿ ಕಡೆಗಲ್ಲ, ಬೀಜದ ಮಳಿಗೆ ಕಡೆಗೆ. ಅಲ್ಲಿ ಸೆಲ್ಫಿ ತೆಗೆಯೋರು ಇಲ್ಲ. ಕೈಚೀಲ ಹಿಡಿದ ರೈತರು ಒಂದಿಷ್ಟು ಕಾಳು ಅಂಗೈಗೆ ಹಾಕಿಕೊಂಡು, ಉಜ್ಜಿ ನೋಡಿ, "ಇದು ಎಷ್ಟು ದಿನದ್ದು? ಮಳೆ ತಡವಾದ್ರೆ ಬತ್ತದಾ?" ಅಂತ ಕೇಳ್ತಿದ್ದರು. ಮೇಳದ ನಿಜವಾದ ಜಾತ್ರೆ ಅದು. ತೇರು ಇಲ್ಲ, ಪ್ರಸಾದ ಮಾತ್ರ ಬೀಜ.

ಹೋರಿ ತೋರಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹಳ್ಳಿಕಾರ್ ನಮ್ಮ ಹೆಮ್ಮೆ. ಆದರೆ ಒಂದು ಕೋಟಿಯ ಹೋರಿಗೆ ಗಂಟೆಗಟ್ಟಲೆ ಕೊಟ್ಟ ನಾವು, ಕೋಟಿ ತಟ್ಟೆಗೆ ಮುದ್ದೆ ಕೊಟ್ಟವರಿಗೆ ಒಂದು ನಿಮಿಷ ಕೊಡಲಿಲ್ಲ. ಅದು ಹೆಮ್ಮೆಯ ವಿಷಯವಲ್ಲ.

ಮುಂದಿನ ನವೆಂಬರ್‌ನಲ್ಲಿ ಮೇಳಕ್ಕೆ ಹೋಗಿ. ಹೊಟ್ಟೆ ತುಂಬ ಮುದ್ದೆ ನುಂಗಿ. ಕೈ ತೊಳೆಯೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಈ ರಾಗಿ ಯಾವುದು? ಪಕ್ಕದಲ್ಲಿರೋ ರೈತರಿಗೆ ಗೊತ್ತಿರುತ್ತೆ.